ದೊರೆಯ ನಿರೂಪ ಮತ್ತು ಮಗನ ನೆಲ

ರಿಟ್ ಎಂಬ ಮಾತು ನಮ್ಮ ವಿದ್ಯಾರ್ಥಿಗಳಿಗೆ ಪೌರನೀತಿಯ ಪಾಠದಿಂದ ಪರಿಚಿತವಾದುದು. ಭಾರತ ಸಂವಿಧಾನದ 32 ಮತ್ತು 226ನೆಯ ವಿಧಿಗಳಲ್ಲಿ ಅದು ಪ್ರಜೆಯ ಹಕ್ಕನ್ನು ಕಾಯುವ ಸಾಧನ. ಆದರೆ ಆ ಮಾತಿನ ಮೂಲಾರ್ಥ 'ಬರಹ' ಎಂದಷ್ಟೇ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಅದು ಚರ್ಮದ ಕಿರುಪಟ್ಟಿಯ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಬರೆದು ಮುದ್ರೆ ಹಾಕಿದ ದೊರೆಯ ನಿರೂಪವಾಗಿತ್ತು. ಅಂತಹ ನಿರೂಪಗಳಲ್ಲಿ ಒಂದು, ನೆಲವುಳ್ಳವನು ಸತ್ತ ಮನೆಗೆ ಬಂದು ಏನು ಮಾಡುತ್ತಿತ್ತೆಂಬುದನ್ನು ಇಲ್ಲಿ ನೋಡೋಣ.

1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ತರುವಾಯ, ನೆಲವೆಲ್ಲವೂ ಕಡೆಗೆ ದೊರೆಯದೇ ಎಂಬ ತತ್ತ್ವ ಬೇರೂರಿತು. ಸರದಾರರು ಸೈನ್ಯಸೇವೆಗೆ ಪ್ರತಿಯಾಗಿ ದೊರೆಯಿಂದ ನೇರವಾಗಿ ನೆಲವನ್ನು ಪಡೆದು ಅನುಭವಿಸುತ್ತಿದ್ದರು. ಅವರಲ್ಲೊಬ್ಬನು ಸತ್ತರೆ ನೆಲ ದೊರೆಯ ವಶಕ್ಕೆ ಹೋಗುವುದು. ಹಿರಿಯ ಮಗನು ರಿಲೀಫ್ ಎಂಬ ನಜರಾಣೆಯನ್ನು ತೆತ್ತು ಅದನ್ನು ಬಿಡಿಸಿಕೊಳ್ಳಬೇಕು. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಈ ನಜರಾಣೆ ನ್ಯಾಯವಾದಷ್ಟೇ ಇರುವುದೆಂದು 1100ರಲ್ಲಿ ಒಂದನೆಯ ಹೆನ್ರಿ ವಚನವಿತ್ತನು. ಆದರೆ ನ್ಯಾಯವಾದದ್ದು ಎಷ್ಟೆಂದು ಹೇಳುವವರು ಯಾರು? 1205ರಲ್ಲಿ ಜಾನ್ ದೊರೆಯು ನಿಕೊಲಸ್ ಡಿ ಸ್ಟಟ್‌ವಿಲ್ ಎಂಬುವನಿಂದ 10,000 ಮಾರ್ಕುಗಳನ್ನು, ಅಂದರೆ 6,600 ಪೌಂಡುಗಳಿಗೂ ಮಿಕ್ಕ ಹಣವನ್ನು ಕೇಳಿದನು!

1215ರ ಮಹಾಸನ್ನದು, ಎಂದರೆ ಮ್ಯಾಗ್ನಾ ಕಾರ್ಟಾ, ಎಂದೊಡನೆ ನಾವು ತರಗತಿಯಲ್ಲಿ ಅದರ 39ನೆಯ ಕಲಮನ್ನೇ ಹೇಳುತ್ತೇವೆ: ಕಾನೂನಿನ ಕ್ರಮವಿಲ್ಲದೆ ಯಾವ ಸ್ವತಂತ್ರನನ್ನೂ ಸೆರೆಯಲ್ಲಿಡಬಾರದು. ಆದರೆ ಚರ್ಚಿನ ಸ್ವಾತಂತ್ರ್ಯವನ್ನು ಹೇಳುವ ಮೊದಲ ಕಲಮಿನ ಬೆನ್ನಿಗೇ, ಎರಡನೆಯದಾಗಿ ಬರುವುದು ಈ ನಜರಾಣೆಯ ಮಾತು. ಬ್ಯಾರನ್ನನ ವಾರಸುದಾರನು 100 ಪೌಂಡು ಕೊಡತಕ್ಕದ್ದು. ನೈಟ್ ಒಬ್ಬನ ಹಿಡುವಳಿಗೆ ಹೆಚ್ಚೆಂದರೆ 100 ಷಿಲ್ಲಿಂಗು. ಎಳೆಯ ವಾರಸುದಾರನ ಪೋಷಕನು ಅವನ ಆಸ್ತಿಯನ್ನು ಹಾಳುಗೆಡವಬಾರದು. ವಿಧವೆಯು ಗಂಡನ ಮನೆಯಲ್ಲಿ 40 ದಿನ ಇರಬಹುದು. ಅವಳನ್ನು ಮರುಮದುವೆಗೆ ಬಲಾತ್ಕರಿಸಬಾರದು. ಸ್ವಾತಂತ್ರ್ಯದ ಆ ಹೋರಾಟ ಬಹುಮಟ್ಟಿಗೆ ಸಾವಿನ ಮನೆಯ ಲೆಕ್ಕದಿಂದಲೇ ಆರಂಭವಾಯಿತೆಂದರೆ ತಪ್ಪಾಗದು.

ದೊರೆಯ ಪಾಲಿನ ಮೊತ್ತ ಗೊತ್ತಾಯಿತು. ಆದರೆ ವಾರಸುದಾರನು ಯಾರು? ಹದಿಮೂರನೆಯ ಶತಮಾನದಲ್ಲಿ ಇದಕ್ಕೊಂದು ಕ್ರಮ ಏರ್ಪಟ್ಟಿತು. ಸರದಾರನು ಸತ್ತ ಸುದ್ದಿ ಮುಟ್ಟಿದೊಡನೆ ಚಾನ್ಸರಿ ಎಂಬ ದೊರೆಯ ಕಚೇರಿಯಿಂದ ಎಸ್ಚೀಟರ್ ಎಂಬ ಅಧಿಕಾರಿಗೆ ನಿರೂಪ ಹೊರಡುವುದು. ಇಂಥವನು 'ತನ್ನ ಕಡೆಯ ದಿನವನ್ನು ಮುಗಿಸಿದನು' ಎಂಬರ್ಥದ ಮಾತಿನಿಂದಲೇ ಅದಕ್ಕೆ ಹೆಸರು. ನೆಲವನ್ನು ವಶಪಡಿಸಿಕೊಳ್ಳಬೇಕು, ನೆರೆಹೊರೆಯ ನಂಬಿಗಸ್ತರನ್ನು ಕೂಡಿಸಿ ಪ್ರಮಾಣ ಮಾಡಿಸಬೇಕು. ಸತ್ತವನಿಗೆ ಎಷ್ಟು ನೆಲವಿತ್ತು, ಯಾರಿಂದ ಪಡೆದದ್ದು, ಯಾವ ಸೇವೆಗೆ, ವರ್ಷದ ಹುಟ್ಟುವಳಿ ಏನು, ಹತ್ತಿರದ ವಾರಸುದಾರನು ಯಾರು, ಅವನ ವಯಸ್ಸೆಷ್ಟು ಎಂದು ಕೇಳಿ, ಉತ್ತರವನ್ನು ಬರೆದು ಮುದ್ರೆ ಹಾಕಿ ಕಳುಹಿಸಬೇಕು. ನಮ್ಮ ಕಡೆಯ ಮಹಜರಿನಂತೆಯೇ ಇದು. ಉತ್ತರ ಸರಿಯೆಂದು ಕಂಡರೆ, ವಾರಸುದಾರನು ದೊರೆಗೆ ನಿಷ್ಠೆಯನ್ನು ಒಪ್ಪಿಸಿದ ಮೇಲೆ ನೆಲವನ್ನು ಬಿಟ್ಟುಕೊಡಲು ಇನ್ನೊಂದು ನಿರೂಪ.

ವಾರಸುದಾರನು ಬಾಲಕನಾಗಿದ್ದರೆ 21 ವರ್ಷ ತುಂಬುವವರೆಗೆ ಆಸ್ತಿ ದೊರೆಯ ಪೋಷಣೆಯಲ್ಲಿರುತ್ತಿತ್ತು. ಆ ಪೋಷಕತ್ವವನ್ನು ದೊರೆಯು ಅನ್ಯರಿಗೆ ಮಾರುವುದೂ ಉಂಟು. ವಯಸ್ಸು ತುಂಬಿತೆಂದು ತೋರಿಸುವುದೆಂತು? ಚರ್ಚುಗಳಲ್ಲಿ ದೀಕ್ಷಾಸ್ನಾನದ ಪುಸ್ತಕವಿಡಬೇಕೆಂಬ ಆಜ್ಞೆ ಹೊರಟದ್ದೇ 1538ರಲ್ಲಿ. ಆದುದರಿಂದ ಮತ್ತೆ ನೆರೆಹೊರೆಯವರ ನೆನಪೇ ಗತಿ. ಆ ವರ್ಷವೇ ನನಗೂ ಮಗ ಹುಟ್ಟಿದನೆಂದು ಒಬ್ಬನು, ಆ ದಿನವೇ ನಾನು ಬಿದ್ದು ಕಾಲು ಮುರಿದುಕೊಂಡೆನೆಂದು ಇನ್ನೊಬ್ಬನು, ಹೀಗೆ ಸಾಕ್ಷಿ ಹೇಳುವರು. ಒಂದೇ ಬಗೆಯ ನೆನಪುಗಳು ಬೇರೆ ಬೇರೆ ವಿಚಾರಣೆಗಳಲ್ಲಿ ಮರುಕಳಿಸುವುದನ್ನು ಕಂಡ ಇತಿಹಾಸಕಾರರು, ಗುಮಾಸ್ತರು ಹಳೆಯ ಪ್ರತಿಯನ್ನೇ ನಕಲು ಮಾಡಿದ್ದುಂಟೆಂದು ಶಂಕಿಸಿದ್ದಾರೆ. ಬರಹವಾದ ಮಾತ್ರಕ್ಕೆ ಎಲ್ಲವೂ ನಿಜವಲ್ಲವೆಂಬ ಪಾಠವನ್ನೂ ಈ ಕಡತಗಳು ಕಲಿಸುತ್ತವೆ.

ಈ ರಕ್ಷಣೆ ಎಲ್ಲರಿಗೂ ಇರಲಿಲ್ಲವೆಂಬುದನ್ನು ಮರೆಯಲಾಗದು. ಸತ್ತ ತಂದೆಯ ನೆಲವನ್ನು ಒಡೆಯನು ತಡೆಹಿಡಿದರೆ, ಹನ್ನೆರಡು ಮಂದಿಯ ಸಾಕ್ಷ್ಯದಿಂದ ಅದನ್ನು ಮರಳಿ ಪಡೆಯುವ ದಾರಿಯನ್ನು 1176ರಲ್ಲಿ ಎರಡನೆಯ ಹೆನ್ರಿಯು ತೆರೆದನು. ಆದರೆ ಅದು ಸ್ವತಂತ್ರರಿಗೆ ಮಾತ್ರ. ವಿಲೇನ್ ಎಂಬ ಜೀತದ ಒಕ್ಕಲಿಗನ ಮಗನಿಗೆ ಒಡೆಯನ ನ್ಯಾಯಸ್ಥಾನವೇ ಕೊನೆ. ತಂದೆ ಸತ್ತಾಗ ಮನೆಯ ಒಳ್ಳೆಯ ದನವನ್ನು ಒಡೆಯನಿಗೆ ಒಪ್ಪಿಸುವುದು ವಾಡಿಕೆಯಾಗಿತ್ತು.

1660ರ ಶಾಸನವು ಈ ಸೈನ್ಯಸೇವೆಯ ಹಿಡುವಳಿಯನ್ನೂ ಪೋಷಕತ್ವವನ್ನೂ ರದ್ದುಪಡಿಸಿತು. ವಿಚಾರಣೆಯ ಚರ್ಮಪತ್ರಗಳು ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಉಳಿದಿವೆ. ಅವನ್ನು ಬರೆಸಿದ್ದು ಬೊಕ್ಕಸದ ಆಸೆ. ಆದರೆ ಎಂತಹ ದೊರೆಯೂ ಸತ್ತವನ ಮಗ ಯಾರೆಂದು ತಾನೇ ತಿಳಿಯಲಾರನು, ನೆರೆಯವರನ್ನು ಕೇಳಲೇಬೇಕು. ಹಾಗೆ ಕೇಳಿ, ಉತ್ತರವನ್ನು ಬರೆಸಿಟ್ಟಂದೇ ಅವನ ಇಚ್ಛೆಗೊಂದು ಮೇರೆ ಬಿದ್ದಿತೆಂದು ನಾವು ಭಾವಿಸುತ್ತೇವೆ.