ಹರಿಯುವ ಮಿದುಳು, ನಿಂತ ಪಾಠ

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತವರು ನಿನ್ನೆ ಕಂಡ ನೀರನ್ನು ಇಂದು ಕಾಣರು. ಆದರೂ ಹೊಳೆ ಅದೇ. ನರಸಿಂಹರಾಜಪುರಕ್ಕೆ ಹಿಂದೆ ಎಡೇಹಳ್ಳಿಯೆಂಬ ಹೆಸರಿತ್ತು. ಹೆಸರು ಹೋಯಿತು, ಊರು ಉಳಿಯಿತು. ಕೊಪ್ಪದ ಸೀಮೆಯ ತೋಟದಲ್ಲಿ ಸತ್ತ ಅಡಕೆಮರದ ಜಾಗಕ್ಕೆ ಸಸಿ ಬರುತ್ತದೆ, ತೋಟ ಹಳೆಯದೇ. ನಮ್ಮ ಮಿದುಳಿನ ಕಥೆಯೂ ಇದಕ್ಕೆ ದೂರವಾದುದಲ್ಲ.

ಬಾಲ್ಯದಲ್ಲಿ ಕಂಠಸ್ಥ ಮಾಡಿದ ವೇದಭಾಗವನ್ನು ವೃದ್ಧ ವಿದ್ವಾಂಸರು ಸ್ವರ ತಪ್ಪದೆ ಹೇಳುವುದನ್ನು ಶೃಂಗೇರಿಯಲ್ಲಿ ಕೇಳಬಹುದು. ಆ ಪಾಠವನ್ನು ಹೊತ್ತ ನರಕಣಗಳ ಬಹುಪಾಲು ಪ್ರೋಟೀನುಗಳಾದರೋ ಕೆಲವು ದಿನ, ಕೆಲವು ವಾರಗಳಲ್ಲಿ ಸವೆದು ಹೊಸದಾಗುತ್ತಿರುತ್ತವೆ. ಸಾಮಗ್ರಿಯೇ ನಿಲ್ಲದಿರುವಾಗ ಪಾಠ ನಿಂತದ್ದು ಹೇಗೆ?

ಈ ಪ್ರಶ್ನೆಯನ್ನು ಮೊದಲು ಪಟ್ಟುಹಿಡಿದು ಬೆನ್ನಟ್ಟಿದವರಲ್ಲಿ ಅಮೆರಿಕದ ಕಾರ್ಲ್ ಲ್ಯಾಶ್ಲಿ ಒಬ್ಬ. ಇಲಿಗಳಿಗೆ ಸುತ್ತುದಾರಿಯನ್ನು ಕಲಿಸಿ, ಮಿದುಳಿನ ಹೊರಪದರದ ಬೇರೆ ಬೇರೆ ಭಾಗಗಳನ್ನು ತೆಗೆದು ನೋಡಿದ. ಯಾವ ಒಂದು ತುಂಡು ಹೋದರೂ ಕಲಿತದ್ದು ಪೂರ್ತಿ ಅಳಿಯಲಿಲ್ಲ. ಹೆಚ್ಚು ತೆಗೆದಷ್ಟೂ ಹೆಚ್ಚು ಮಂಕಾಯಿತು. ನೆನಪಿನ ಮನೆ ಇಂತಲ್ಲೇ ಎಂದು ಬೆರಳಿಟ್ಟು ತೋರಿಸಲಾಗದೆಂದು ೧೯೫೦ರಲ್ಲಿ ಆತ ಒಪ್ಪಿಕೊಂಡ.

೧೯೯೮ರಲ್ಲಿ ಜೀನಾ ಟುರಿಜಿಯಾನೋ ಮತ್ತು ಸಂಗಡಿಗರು ಒಂದು ಸುಳಿವನ್ನು ಕಂಡರು. ನರಕಣಗಳ ಚಟುವಟಿಕೆಯನ್ನು ಅಡಗಿಸಿದರೆ ಅವುಗಳ ಸಂಧಿಗಳು ತಾವಾಗಿಯೇ ಬಲಗೊಳ್ಳುತ್ತಿದ್ದವು. ಅತಿಯಾಗಿ ಕೆರಳಿಸಿದರೆ ಸಡಿಲವಾಗುತ್ತಿದ್ದವು. ತನ್ನ ಹದವನ್ನು ಕಣವೇ ಕಾಯುತ್ತದೆ ಎಂದಾಯಿತು. ೨೦೦೪ರಲ್ಲಿ ಈವ್ ಮಾರ್ಡರ್ ಅವರ ತಂಡವು ಸಮುದ್ರದ ಏಡಿಜಾತಿಯ ಪ್ರಾಣಿಗಳ ಜಠರವನ್ನು ಆಡಿಸುವ ನರಜಾಲದ ಎರಡು ಕೋಟಿಗೂ ಮಿಕ್ಕ ಮಾದರಿಗಳನ್ನು ಗಣಕದಲ್ಲಿ ಪರೀಕ್ಷಿಸಿತು. ಒಂದೇ ಲಯವನ್ನು ತೀರ ಭಿನ್ನವಾದ ಬಹಳಷ್ಟು ಜೋಡಣೆಗಳು ಹುಟ್ಟಿಸಬಲ್ಲವೆಂದು ತಿಳಿಯಿತು. ಒಂದೇ ಊರಿಗೆ ಹಲವು ದಾರಿ ಎಂದಂತೆ. ೨೦೧೭ರಲ್ಲಿ ಹಾರ್ವರ್ಡಿನ ಸಂಶೋಧಕರು, ಇಲಿ ದಾರಿ ತಪ್ಪದೆ ನಡೆಯುತ್ತಿದ್ದರೂ ಅದರ ಮಿದುಳಿನಲ್ಲಿ ಆ ದಾರಿಗೆ ಮಿಡಿಯುವ ಕಣಗಳು ವಾರದಿಂದ ವಾರಕ್ಕೆ ಬದಲಾಗುತ್ತಿದ್ದುದನ್ನು ಕಂಡರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಿಷಿಕೇಶ್ ನಾರಾಯಣನ್ ಅವರೂ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಈ ಹಲವು ದಾರಿಗಳ ಗುಣವನ್ನೇ ಶೋಧಿಸಿದ್ದಾರೆ.

ವೇದಪಾಠಿಗಳು ತಮ್ಮ ಪಾಠವನ್ನು ಕಾದ ಬಗೆಯನ್ನು ಇಲ್ಲಿ ನೆನೆಯಬಹುದು. ಘನಪಾಠದಲ್ಲಿ ಪದಗಳು ಒಂದು–ಎರಡು, ಎರಡು–ಒಂದು, ಒಂದು–ಎರಡು–ಮೂರು, ಮೂರು–ಎರಡು–ಒಂದು, ಮತ್ತೆ ಒಂದು–ಎರಡು–ಮೂರು ಎಂದು ಹೆಣೆದುಕೊಳ್ಳುತ್ತವೆ. ಪ್ರತಿಯೊಂದು ಪದಕ್ಕೂ ನೆರೆಯ ಪದಗಳೇ ಸಾಕ್ಷಿ; ಒಂದು ಜಾರಿದರೆ ಉಳಿದವು ಹಿಡಿದುಕೊಡುತ್ತವೆ. ಹಿಂದಿನವರು ನರಕಣವನ್ನು ಅರಿತಿದ್ದರೆಂದು ಇದರ ಅರ್ಥವಲ್ಲ. ಇದು ಹೋಲಿಕೆ ಮಾತ್ರ. ಆದರೆ ಒಬ್ಬನನ್ನೇ ನಂಬದೆ ಹಲವರ ಮೇಲೆ ಹೊರೆ ಹಂಚುವ ವಿವೇಕ ಎರಡು ಕಡೆಯೂ ಒಂದೇ.

ಈ ಸ್ಥಿರತೆ ನಮಗೆ ವರವೂ ಹೌದು, ಮುಸುಕೂ ಹೌದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಚಲನೆಗೆ ಬೇಕಾದ ಕಣಗಳ ಗಣನೀಯ ಭಾಗ ನಾಶವಾದ ಮೇಲೆಯೇ ಕೈನಡುಕ ಕಾಣುವುದು. ಅಲ್ಲಿಯವರೆಗೆ ಉಳಿದವು ಸರಿದೂಗಿಸುತ್ತ ಬಂದಿರುತ್ತವೆ. ಮರೆವಿನ ರೋಗವೂ ಹಾಗೆಯೇ ವರ್ಷಗಟ್ಟಲೆ ಒಳಗೇ ಬೆಳೆಯುತ್ತದೆ. ಮನೆಯ ಹಿರಿಯರು ಸ್ತೋತ್ರವನ್ನು ತಪ್ಪಿಲ್ಲದೆ ಹೇಳುತ್ತಾರೆಂಬ ಧೈರ್ಯದ ಮೇಲೆ, ಅವರು ಬೆಳಗ್ಗೆ ಆಡಿದ ಮಾತನ್ನು ಮಧ್ಯಾಹ್ನ ಮರೆಯುವುದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಬಾಯಿಪಾಠವು ಕೊನೆಯವರೆಗೂ ನಿಲ್ಲಬಲ್ಲ ಹಳೆಯ ಗೋಡೆ. ಮನೆಯ ಮಾಡು ಸೋರುತ್ತಿದೆಯೇ ಎಂಬುದನ್ನು ಅದು ಹೇಳದು. ಆ ಸಣ್ಣ ಮರೆವನ್ನು ವೈದ್ಯರ ಮುಂದೆ ಹೇಳಿಕೊಳ್ಳುವುದೇ ಲೇಸು. ಹೊಳೆ ತುಂಬಿ ಹರಿಯುತ್ತಿರುವಾಗಲೇ ಅದರ ಮೂಲವನ್ನು ವಿಚಾರಿಸಬೇಕಲ್ಲದೆ, ಬತ್ತಿದ ಮೇಲಲ್ಲ.