ಬಾಗಿಲ ಮೇಲಿನ ಬರಹ

ಸತ್ತವರು ಎದ್ದುಬರುವ ಚಿತ್ರಗಳನ್ನು ಬರಿಯ ಹೆದರಿಕೆಯ ಆಟವೆಂದು ತಳ್ಳಿಹಾಕುವುದು ಸಲ್ಲದು. 1932ರ ‘ವೈಟ್ ಜೊಂಬಿ’ಯಲ್ಲಿ ಹೈಟಿಯ ಸಕ್ಕರೆ ಗಿರಣಿಯೊಂದರಲ್ಲಿ ಹೆಣಗಳು ದುಡಿಯುತ್ತವೆ. ಗುಲಾಮನಿಗೆ ಸತ್ತ ಮೇಲೂ ಬಿಡುಗಡೆಯಿಲ್ಲವೆಂಬ ದಿಗಿಲೇ ಆ ಕಲ್ಪನೆಯ ಬೇರು.

ನಮ್ಮಲ್ಲಿಗೆ ಹೆಣಗಳ ದಂಡು ಬರಲಿಲ್ಲ. ಬಂದುದು ಒಂಟಿ ದನಿ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ನಾಡಿನ ಹಲವು ಊರುಗಳಲ್ಲಿಯೂ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಇರುಳಿನಲ್ಲಿ ದೆವ್ವವೊಂದು ತಾಯಿಯದೋ ಒಡಹುಟ್ಟಿದವರದೋ ದನಿಯಲ್ಲಿ ಕರೆಯುವುದು, ಓಗೊಟ್ಟವರು ಉಳಿಯರು ಎಂದು ಸುದ್ದಿ. ಬರಹವನ್ನು ಓದಿದ ದೆವ್ವ ದಿನವೂ ಹಿಂದಿರುಗುವುದಂತೆ. ದೆವ್ವಕ್ಕೂ ಕನ್ನಡ ಓದಲು ಬರುತ್ತದೆಂಬುದು ನನ್ನಂತಹ ಕನ್ನಡ ಮೇಷ್ಟರಿಗೆ ತುಸು ಸಮಾಧಾನದ ಸಂಗತಿಯೇ! ಆಗಿನ್ನೂ ಹೆಬ್ಬಾಳ, ಯಲಹಂಕಗಳ ಸುತ್ತ ಹೊಲಗಳಿದ್ದುವು. ಯಲಹಂಕ ಮಹಾನಗರ ಪಾಲಿಕೆಗೆ ಸೇರಿದುದೇ 2007ರಲ್ಲಿ. ಹೊಸ ಬಡಾವಣೆಯಲ್ಲಿ ನೆರೆಯವರ ಗುರುತಿಲ್ಲ. ಬಾಗಿಲು ತಟ್ಟಿದವರು ಯಾರೋ ತಿಳಿಯದು. ಗುರುತಿನ ದನಿಯನ್ನೂ ನಂಬದ ಈ ಭಯ ಹಳ್ಳಿಯದಲ್ಲ, ಬೆಳೆಯುತ್ತಿದ್ದ ನಗರದ್ದೆಂದೇ ನನಗೆ ತೋರುತ್ತದೆ.

2018ರ ಹಿಂದಿ ಚಿತ್ರ ‘ಸ್ತ್ರೀ’ ಈ ಬರಹವನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ಅಲ್ಲಿ ದೆವ್ವ ಎಳೆದೊಯ್ಯುವುದು ಗಂಡಸರನ್ನು. ಕತ್ತಲಾದ ಮೇಲೆ ಒಂಟಿಯಾಗಿ ಹೊರಡಬೇಡವೆಂಬ ಬುದ್ಧಿವಾದ ಈಗ ಅವರ ಪಾಲಿಗೆ! ಗಂಡಸರು ಅದನ್ನು ಹಾಸ್ಯವೆಂದು ನಕ್ಕರೆ ನಗಲಿ. ಹೆಣ್ಣುಮಕ್ಕಳು ಆ ಮಾತನ್ನು ಯಾವ ದೆವ್ವದ ಹಂಗೂ ಇಲ್ಲದೆ ದಿನವೂ ಮನೆಯಲ್ಲಿಯೇ ಕೇಳುತ್ತಾರೆ.