ಕಣ್ಣನ್ನು ಉಳಿಸಿದ ಮದ್ದು ಯಾವುದು?

ಕಣ್ಣು ಕೆಂಪಾಗಿಲ್ಲ, ನೋವಿಲ್ಲ. ನೊಣ ಹಾರಾಡಿದಂತೆ ಕಪ್ಪು ಚುಕ್ಕಿಗಳು, ನೋಟದ ಅಂಚಿನಲ್ಲಿ ಮಬ್ಬು. ಚಿಕಿತ್ಸೆ ಸಿಗದಿದ್ದರೆ ಕೆಲವೇ ತಿಂಗಳಲ್ಲಿ ಕತ್ತಲೆ. ಏಡ್ಸ್ ರೋಗಿಗಳ ದೃಷ್ಟಿಯನ್ನು ಸೈಟೊಮೆಗಲೋ ವೈರಸ್ ಕಸಿದುಕೊಳ್ಳುವ ಬಗೆ ಇದು.

ಈ ವೈರಸ್ ಅಪರೂಪದ್ದೇನಲ್ಲ. ನಮ್ಮ ದೇಶದ ಬಹುಪಾಲು ವಯಸ್ಕರ ದೇಹದಲ್ಲಿ ಅದು ತೆಪ್ಪಗೆ ಅಡಗಿರುತ್ತದೆ. ಎಚ್‌ಐವಿಯ ಹಾವಳಿಯಿಂದ ಸಿಡಿ4 ರಕ್ತಕಣಗಳ ಎಣಿಕೆ 50ಕ್ಕಿಂತ ಕೆಳಗಿಳಿದಾಗ ಅದು ತಲೆಯೆತ್ತಿ ಅಕ್ಷಿಪಟಲವನ್ನು ನಾಶಮಾಡತೊಡಗುತ್ತದೆ. ಒಮ್ಮೆ ನಾಶವಾದ ಭಾಗ ಮರಳಿ ಬರುವುದಿಲ್ಲ.

ಇದಕ್ಕೆ ಮೊದಲ ಔಷಧಿಯಾಗಿ ಗ್ಯಾನ್‌ಸೈಕ್ಲೋವಿರ್‌ಗೆ 1989ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನು ದಿನವೂ ರಕ್ತನಾಳಕ್ಕೆ ಕೊಡಬೇಕಿತ್ತು, ಅದೂ ಬದುಕಿರುವವರೆಗೆ. ಆದರೆ ಅದೇ ವರ್ಷ ಔಷಧಿಗೆ ಜಗ್ಗದ ವೈರಸ್‌ಗಳ ವರದಿಯೂ ಬಂತು. ಗ್ಯಾನ್‌ಸೈಕ್ಲೋವಿರ್ ತಾನಾಗಿ ಕೆಲಸ ಮಾಡದು. ವೈರಸ್ಸಿನದೇ ಒಂದು ಕಿಣ್ವ ಅದನ್ನು ಚುರುಕುಗೊಳಿಸಬೇಕು. ಆ ಕಿಣ್ವದ ವಂಶವಾಹಿ ಯುಎಲ್97 ಬದಲಾದರೆ ಔಷಧಿ ದೇಹದಲ್ಲಿದ್ದೂ ನಿಷ್ಪ್ರಯೋಜಕ. ಒಂಬತ್ತು ತಿಂಗಳ ಚಿಕಿತ್ಸೆಯ ಹೊತ್ತಿಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತಿದ್ದುದನ್ನು ಅಮೆರಿಕದ ವೈದ್ಯರು ಕಂಡರು. 1991ರಲ್ಲಿ ಬಂದ ಫೋಸ್ಕಾರ್ನೆಟ್ ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿತ್ತು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 1997ರವರೆಗೂ ಮೈಸೂರು ಜಿಲ್ಲೆಗೆ ಸೇರಿದ್ದ ಚಂದಕವಾಡಿಯಂಥ ಹೋಬಳಿಯ ಬಡ ರೋಗಿಗೆ ದಿನನಿತ್ಯದ ಆ ಚುಚ್ಚುಮದ್ದು ಕನಸಿನ ಮಾತು. ಖರ್ಚು ಕಡಿಮೆಯೆಂದು ಔಷಧಿಯನ್ನು ಕಣ್ಣಿನೊಳಕ್ಕೇ ಚುಚ್ಚುವ ಕ್ರಮ ನಮ್ಮ ದೇಶದಲ್ಲಿ ಹೆಚ್ಚು ಬಳಕೆಗೆ ಬಂತು. ಆದರೆ ಒಂದು ಕಣ್ಣಿಗೆ ಕೊಟ್ಟ ಮದ್ದು ಇನ್ನೊಂದನ್ನು ಕಾಯದು.

ನಿಜವಾದ ತಿರುವು ಬಂದದ್ದು ಕಣ್ಣಿನ ಔಷಧಿಯಿಂದಲ್ಲ. 1996ರ ಸುಮಾರಿಗೆ ಹಲವು ಎಚ್‌ಐವಿ ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಪಾಶ್ಚಾತ್ಯ ದೇಶಗಳಲ್ಲಿ ಆರಂಭವಾಯಿತು. ಸಿಡಿ4 ಕಣಗಳು ಚೇತರಿಸಿಕೊಂಡಂತೆ ದೇಹವೇ ವೈರಸ್ಸನ್ನು ಹದ್ದುಬಸ್ತಿನಲ್ಲಿಟ್ಟಿತು. ಹಲವರು ಕಣ್ಣಿನ ಔಷಧಿಯನ್ನೇ ನಿಲ್ಲಿಸುವಂತಾಯಿತು. ಭಾರತ ಸರ್ಕಾರ 2004ರ ಏಪ್ರಿಲ್ 1ರಂದು ಈ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿದಾಗ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2017ರಿಂದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದವರಿಗೆಲ್ಲ ಚಿಕಿತ್ಸೆ ಎಂಬ ನೀತಿ ಜಾರಿಗೆ ಬಂತು.

ಹಾಗೆಂದು ಅಪಾಯ ತೀರಿಹೋಗಿಲ್ಲ. ಅಂಜಿಕೆಯಿಂದಲೋ ನಾಚಿಕೆಯಿಂದಲೋ ರಕ್ತಪರೀಕ್ಷೆಯನ್ನು ಮುಂದೂಡಿದವರು ಇಂದಿಗೂ ಮಬ್ಬುಗಣ್ಣಿನೊಂದಿಗೇ ಆಸ್ಪತ್ರೆಗೆ ಬರುವುದುಂಟು. ಮಾತ್ರೆಗಳನ್ನು ತಪ್ಪಿಸಿದರೆ ಎಚ್‌ಐವಿಯೂ ಔಷಧಿಗೆ ಜಗ್ಗದಂತಾಗಬಹುದು. ಕಣ್ಣು ಉಳಿಯಬೇಕಾದರೆ ಪರೀಕ್ಷೆ ಬೇಗ ಆಗಬೇಕು, ಮಾತ್ರೆ ತಪ್ಪಬಾರದು.